ತಣ್ಣಗಿರುವುದು ಐರಿಶ್ ಊಟದ ಗುಣವಲ್ಲ

ಪ್ರಶ್ನೆ: ಸರ್, ನಾವು ಬಳ್ಳಾರಿಯವರು. ಅಪ್ಪ ಶಾಲೆಯಲ್ಲಿ ಮಾಸ್ತರಾಗಿದ್ದು ಹೋದ ತಿಂಗಳು ನಿವೃತ್ತರಾದರು. ಆ ಖುಷಿಗೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ನಮ್ಮನ್ನೆಲ್ಲ ಒಂದು ಐರಿಶ್ ಪಬ್‌ಗೆ ಕರೆದುಕೊಂಡು ಹೋದ. ಶನಿವಾರ ರಾತ್ರಿ, ಆರು ಮಂದಿ. ಊಟ ಬರಲು ಒಂದು ಗಂಟೆ ಹತ್ತು ನಿಮಿಷ ಆಯಿತು. ಅಪ್ಪ ತರಿಸಿದ ಮಟನ್ ಸ್ಟ್ಯೂ (ಮಾಂಸ, ಆಲೂಗಡ್ಡೆ ಬೇಯಿಸಿದ ಗಟ್ಟಿ ಸಾರು) ಅಂಚಿನಲ್ಲಿ ಬಿಸಿ, ನಡುವೆ ತಣ್ಣಗೆ. ಮಾಂಸ ರಬ್ಬರಿನಂತಿತ್ತು. ಕರಿದ ಮೀನು ಎಣ್ಣೆ ಕುಡಿದು ಮೆತ್ತಗಾಗಿತ್ತು. ಅಮ್ಮ ಶನಿವಾರ ಮಾಂಸ ಮುಟ್ಟುವುದಿಲ್ಲ, ಅವರಿಗೆ ಸಿಕ್ಕಿದ್ದು ಆಲೂ ಫ್ರೈಸ್ ಮಾತ್ರ. ತಮ್ಮ ಕೇಳಿದ ಗಿನ್ನೆಸ್ ಬಿಯರ್ ಬರಲು 20 ನಿಮಿಷ ಹಿಡಿಯಿತು, ‘ಅದನ್ನು ನಿಧಾನಕ್ಕೇ ಸುರಿಯಬೇಕು’ ಎಂದರು. ಊಟದ ಬಗ್ಗೆ ವೇಟರ್‌ಗೆ ಹೇಳಿದರೆ ‘ಐರಿಶ್ ಊಟ ಹೀಗೇ ಇರುತ್ತೆ ಮೇಡಂ, ಖಾರ ಇರಲ್ಲ’ ಎಂದು ಹೊರಟುಹೋದ. ಬಿಲ್ 8,000 ರೂಪಾಯಿ, ಅದರ ಮೇಲೆ 800 ರೂಪಾಯಿ ಸರ್ವಿಸ್ ಚಾರ್ಜ್, ಆಮೇಲೆ ತೆರಿಗೆ. ಅಪ್ಪ ಏನೂ ಹೇಳದೆ ತಿಂದು ಮುಗಿಸಿದರು. ಐರಿಶ್ ಊಟ ನಿಜಕ್ಕೂ ಹೀಗೇನಾ? ಮೂರು ವಾರ ಆಗಿದೆ, ಈಗ ಏನಾದರೂ ಮಾಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಅಪ್ಪ ಏನೂ ಹೇಳದೆ ತಿಂದು ಮುಗಿಸಿದರು ಅಂತ ಬರೆದಿದ್ದೀರಿ.

ಅವರು ಯಾಕೆ ಸುಮ್ಮನಿದ್ದರು ಅಂತ ನನಗೆ ಅರ್ಥವಾಗುತ್ತದೆ. ಬಳ್ಳಾರಿಯ ಖಾನಾವಳಿಯಲ್ಲಿ ರೊಟ್ಟಿ ಆರಿದ್ದರೆ ಅವರು ಅಲ್ಲೇ ಕೂಗಿ ಹೇಳುತ್ತಿದ್ದರು, ಬಿಸಿ ರೊಟ್ಟಿ ಬರುತ್ತಿತ್ತು. ಇಲ್ಲಿ ಊಟದ ಹೆಸರೇ ಹೊಸದು. ಇದು ಹೀಗೇ ಇರಬೇಕೇನೋ, ಗೊತ್ತಿಲ್ಲದೆ ಬಾಯಿ ಬಿಟ್ಟರೆ ಮಕ್ಕಳಿಗೆ ಮುಜುಗರ ಆದೀತೇನೋ ಅನ್ನಿಸಿರುತ್ತದೆ. ವೇಟರ್ ಹೇಳಿದ ಮಾತು ಆ ಅನುಮಾನವನ್ನೇ ಗಟ್ಟಿ ಮಾಡಿತು. ಅದಕ್ಕೇ ಮೊದಲು ಆ ಮಾತಿಗೆ ಉತ್ತರ ಕೊಡುತ್ತೇನೆ. ನಾನು ಸಿರುಗುಪ್ಪ ಕಡೆಯವನು. ಹೋಟೆಲ್ ಅಡುಗೆಮನೆಗಳಲ್ಲಿ 22 ವರ್ಷ ದುಡಿದಿದ್ದೇನೆ, ಅದರಲ್ಲಿ ಮೂರು ವರ್ಷ ಐರ್ಲೆಂಡಿನ ಗಾಲ್ವೇ ಊರಿನ ಒಂದು ಪಬ್‌ನಲ್ಲಿ. ಇಲ್ಲ, ಐರಿಶ್ ಊಟ ಹೀಗಿರುವುದಿಲ್ಲ. ಖಾರ ಇರುವುದಿಲ್ಲ ಎನ್ನುವುದು ನಿಜ. ಖಾರ ಇಲ್ಲದಿರುವುದಕ್ಕೂ ತಣ್ಣಗಿರುವುದಕ್ಕೂ ಏನೂ ಸಂಬಂಧವಿಲ್ಲ.

ಐರ್ಲೆಂಡ್ ಮಳೆ, ಚಳಿ, ಗಾಳಿಯ ದೇಶ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಮಜ್ಜಿಗೆ ಹೇಗೋ, ಅಲ್ಲಿನ ನವೆಂಬರ್ ಮಳೆಗೆ ಸ್ಟ್ಯೂ ಹಾಗೆ. ಬಟ್ಟಲಿನಿಂದ ಹಬೆ ಏಳುತ್ತಿರಬೇಕು. ಗಾಲ್ವೇಯಲ್ಲಿ ನಮ್ಮ ಮುಖ್ಯ ಅಡುಗೆಯವರು ಖಾಲಿ ಬಟ್ಟಲುಗಳನ್ನೇ ಮೊದಲು ಒಲೆಯ ಪಕ್ಕ ಇಟ್ಟು ಬಿಸಿ ಮಾಡಿಸುತ್ತಿದ್ದರು. ತಣ್ಣನೆಯ ಪಿಂಗಾಣಿಗೆ ಬಿಸಿ ಸ್ಟ್ಯೂ ಸುರಿದರೆ ಅರ್ಧ ಬಿಸಿ ಪಿಂಗಾಣಿಯೇ ನುಂಗುತ್ತದೆ ಅನ್ನುವುದು ಅವರ ಮಾತು.

ಐರಿಶ್ ಅಡುಗೆಯನ್ನು ದೊಡ್ಡ ವಿದ್ಯೆ ಅಂದುಕೊಳ್ಳಬೇಡಿ. ಅದು ಬಡವರ ಮನೆಯ ಅಡುಗೆ. ಆಲೂಗಡ್ಡೆ, ಈರುಳ್ಳಿ, ಎಲೆಕೋಸು, ಹಾಲು, ಬೆಣ್ಣೆ, ಇದ್ದಾಗ ಸ್ವಲ್ಪ ಮಾಂಸ. 1845ರಲ್ಲಿ ಅಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಿತ್ತು. ಆಮೇಲಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಕಾಯಿಲೆಯಿಂದ ಸತ್ತರು. ಹತ್ತು ಲಕ್ಷಕ್ಕೂ ಜಾಸ್ತಿ ಜನ ಊರು ಬಿಟ್ಟು ಹಡಗು ಹತ್ತಿದರು. ನಮ್ಮ ಬಳ್ಳಾರಿ ಸೀಮೆಯೂ 1876-78ರಲ್ಲಿ ಅಂಥದೇ ಬರ ಕಂಡದ್ದು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತಿಂದು ಬೆಳೆದವರಿಗೆ ಆ ಊಟದ ಹದ ತಿಳಿಯದೇ ಹೋಗುವ ಪ್ರಶ್ನೆಯೇ ಇಲ್ಲ. ಕಡಿಮೆ ಸಾಮಾನು, ಸರಿಯಾದ ಹದ, ಬಿಸಿ. ಎರಡೂ ಕಡೆ ಅಷ್ಟೇ. ನಿಮ್ಮ ಅಪ್ಪನ ನಾಲಿಗೆ ಹೇಳಿದ್ದು ಸರಿಯಾಗಿಯೇ ಇತ್ತು ಅಂತ ಅವರಿಗೆ ದಯವಿಟ್ಟು ಹೇಳಿ.

ಈಗ ಆ ತಟ್ಟೆಗಳ ವಿಚಾರ. ಅಂಚಿನಲ್ಲಿ ಬಿಸಿ, ನಡುವೆ ತಣ್ಣಗೆ ಅಂದಿರಿ. ಅದು ಮೈಕ್ರೋವೇವ್ ಗುರುತು. ಬೆಳಗ್ಗೆಯೋ ಹಿಂದಿನ ದಿನವೋ ಮಾಡಿ ಫ್ರಿಜ್‌ನಲ್ಲಿಟ್ಟದ್ದನ್ನು ಎರಡು ನಿಮಿಷ ಬಿಸಿ ಮಾಡಿ ಕಳಿಸಿದ್ದಾರೆ. ಮುಂಚೆಯೇ ಮಾಡಿಡುವುದು ತಪ್ಪಲ್ಲ, ಸ್ಟ್ಯೂ ಮರುದಿನಕ್ಕೆ ಇನ್ನೂ ರುಚಿಯಾಗುತ್ತದೆ. ಆದರೆ ಅದನ್ನು ಪಾತ್ರೆಯಲ್ಲಿ ಹಾಕಿ, ಕೈಯಾಡಿಸುತ್ತಾ, ನಡುವೆಯೂ ಕುದಿ ಬರುವ ತನಕ ಕಾಯಿಸಬೇಕು. ಇದು ಬರೀ ರುಚಿಯ ಮಾತಲ್ಲ. ಬೇಯಿಸಿದ ಮಾಂಸ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಜಾಸ್ತಿ ಹೊತ್ತು ಇದ್ದರೆ ಅದರಲ್ಲಿ ರೋಗಾಣುಗಳು ಬೆಳೆಯುತ್ತವೆ. ಉಳಿದದ್ದೆಲ್ಲ ಬೇಸರದ ಸಂಗತಿ, ಇದೊಂದು ಮಾತ್ರ ಅಪಾಯದ್ದು.

ಮಾಂಸ ರಬ್ಬರ್ ಆಗಿದ್ದಕ್ಕೆ ಕಾರಣ ಬೇರೆ. ಐರ್ಲೆಂಡಿನಲ್ಲಿ ಸ್ಟ್ಯೂಗೆ ಹಾಕುವುದು ಕುರಿ ಮಾಂಸ, ಅದರಲ್ಲಿ ಕೊಬ್ಬು ಚೆನ್ನಾಗಿರುತ್ತದೆ. ಇಲ್ಲಿನ ಹೋಟೆಲುಗಳಲ್ಲಿ ಮಟನ್ ಅಂದರೆ ಬಹಳ ಸಲ ಮೇಕೆ. ಕೊಬ್ಬು ಕಮ್ಮಿ, ನಾರು ಜಾಸ್ತಿ. ಆ ನಾರಿನಲ್ಲಿರುವ ಕೊಲಾಜೆನ್ ಎಂಬ ಬಿಗಿ ಪ್ರೋಟೀನ್ ಕರಗಿ ಮೆತ್ತಗಾಗಬೇಕಾದರೆ ಸಣ್ಣ ಉರಿಯಲ್ಲಿ ಎರಡು ಎರಡೂವರೆ ತಾಸು ಬೇಕು. ಜೋರು ಉರಿಯಲ್ಲಿ ಮುಕ್ಕಾಲು ತಾಸು ಕುದಿಸಿ ಇಳಿಸಿದರೆ ಮಾಂಸ ಬಿಗಿಯಾಗಿಯೇ ಉಳಿಯುತ್ತದೆ. ಕುಕ್ಕರ್‌ನಲ್ಲಿ ಕೂಗಿಸಿದರೂ ಪರವಾಗಿಲ್ಲ, ಆದರೆ ಅವಸರ ಮಾತ್ರ ನಡೆಯುವುದಿಲ್ಲ. ಐದೇ ಸಾಮಾನು ಹಾಕುವ ಅಡುಗೆ ಇದು. ತಪ್ಪಾದರೆ ಮುಚ್ಚಲು ಮಸಾಲೆಯೂ ಇಲ್ಲ. ಈ ಕಾರಣಕ್ಕೇ ಯಾವುದೇ ಐರಿಶ್ ಅಡುಗೆಮನೆಯನ್ನು ನಾನು ಮೊದಲು ಸ್ಟ್ಯೂನಿಂದಲೇ ಅಳೆಯುತ್ತೇನೆ.

ಮೀನಿನ ಬಗ್ಗೆ ಬಳ್ಳಾರಿಯವರಿಗೆ ನಾನು ಹೇಳಿಕೊಡಬೇಕಾದ್ದೇನಿದೆ! ಒಗ್ಗರಣಿ-ಮಿರ್ಚಿ ಅಂಗಡಿಯ ಮುಂದೆ ಎಷ್ಟು ಸಲ ನಿಂತಿಲ್ಲ ನೀವು? ಎಣ್ಣೆ ಸರಿಯಾಗಿ ಕಾಯದಿದ್ದರೆ ಮಿರ್ಚಿ ಎಣ್ಣೆ ಕುಡಿಯುತ್ತದೆ. ಬಾಣಲೆಗೆ ಒಂದೇ ಸಲ ಜಾಸ್ತಿ ಬಿಟ್ಟರೂ ಎಣ್ಣೆ ಆರಿ ಅದೇ ಗತಿ. ಮೀನಿಗೂ ಅದೇ ಲೆಕ್ಕ. ಎಣ್ಣೆ ಸುಮಾರು 180 ಡಿಗ್ರಿ ಇರಬೇಕು, ಒಂದು ಸಲಕ್ಕೆ ಎರಡು ತುಂಡು ಸಾಕು, ತೆಗೆದ ಕೂಡಲೇ ಮೇಜಿಗೆ ಬರಬೇಕು. ಕರಿದದ್ದನ್ನು ಮುಚ್ಚಿಟ್ಟರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ. ನಿಮ್ಮ ಮೀನು ಬಹುಶಃ ಕರಿದು ಮುಗಿದು, ಉಳಿದ ಐದು ತಟ್ಟೆಗಳಿಗೆ ಕಾಯುತ್ತಾ ಕೂತಿತ್ತು.

ಆ ಕಾಯುವಿಕೆ ಹೇಗೆ ಆಗುತ್ತದೆ ಅಂತ ಹೇಳುತ್ತೇನೆ, ನಿಮ್ಮ ಒಂದು ಗಂಟೆ ಹತ್ತು ನಿಮಿಷಕ್ಕೂ ಅದೇ ಕಾರಣ. ನೀವು ಹೇಳಿದ್ದನ್ನು ಬರೆದುಕೊಂಡ ಚೀಟಿಗೆ ಹೋಟೆಲಿನಲ್ಲಿ ಕೆಒಟಿ ಅನ್ನುತ್ತೇವೆ. ಆರು ಜನರ ಆರು ಬಗೆ ಒಂದೇ ಚೀಟಿಯಲ್ಲಿ ಹೋಗುತ್ತವೆ. ಒಲೆಯವನು ಒಬ್ಬ, ಎಣ್ಣೆಯವನು ಒಬ್ಬ, ತಣ್ಣನೆಯ ತಿಂಡಿಯವನು ಇನ್ನೊಬ್ಬ. ಎಲ್ಲರದ್ದೂ ಒಟ್ಟಿಗೆ ಮುಗಿಯುವಂತೆ ಕೂಗಿ ಹೇಳುವವನೊಬ್ಬ ಇರಬೇಕು. ಶನಿವಾರ ರಾತ್ರಿ ಅವನೇ ಇಲ್ಲದಿದ್ದರೆ, ಇಲ್ಲವೇ ಅವನನ್ನೂ ಒಲೆಗೆ ನಿಲ್ಲಿಸಿದ್ದರೆ, ಮೊದಲು ಆದದ್ದು ಕಟ್ಟೆಯ ಮೇಲೆ ಆರುತ್ತದೆ, ಕೊನೆಯದು ಬಂದಾಗ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ಜನ ಜಾಸ್ತಿ ಇದ್ದರು ಅನ್ನುವುದನ್ನು ನಾನು ಕಾರಣ ಅಂತ ಒಪ್ಪುವುದಿಲ್ಲ. ಶನಿವಾರ ಜನ ಬರುತ್ತಾರೆ ಅಂತ ಪ್ರತಿ ಪಬ್‌ಗೂ ಗೊತ್ತು. ತಡವಾಗುತ್ತದೆ ಎಂದು ಮೊದಲೇ ಬಂದು ಹೇಳಬಹುದಿತ್ತು. ಯಾರೂ ಹೇಳಲಿಲ್ಲ, ಅಲ್ವಾ? ನನಗೆ ಸಿಟ್ಟು ಬರುವುದು ಅದಕ್ಕೆ.

ಬಿಯರ್ ವಿಚಾರದಲ್ಲಿ ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜವಿದೆ. ಗಿನ್ನೆಸ್ ಅನ್ನುವುದು 1759ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಕಂಪನಿಯ ಸ್ಟೌಟ್, ಅಂದರೆ ಗಾಢ ಬಣ್ಣದ ಬಿಯರ್. ಹುರಿದ ಬಾರ್ಲಿಯಿಂದ ಅದಕ್ಕೆ ಆ ಕಪ್ಪು ಬಣ್ಣ. ನಲ್ಲಿಯಿಂದ ಬಿಡುವಾಗ ಗ್ಲಾಸನ್ನು 45 ಡಿಗ್ರಿ ಓರೆ ಹಿಡಿದು ಮುಕ್ಕಾಲು ತುಂಬಿಸಿ, ನೊರೆ ಮೇಲೇರಲು ಬಿಟ್ಟು, ಆಮೇಲೆ ಉಳಿದದ್ದನ್ನು ತುಂಬುತ್ತಾರೆ. ಕಂಪನಿಯೇ ಹೇಳುವ ಲೆಕ್ಕ 119.5 ಸೆಕೆಂಡು. ಅಂದರೆ ಎರಡು ನಿಮಿಷ. 20 ನಿಮಿಷವಲ್ಲ.

ಅಮ್ಮನಿಗೆ ಫ್ರೈಸ್ ಮಾತ್ರ ಕೊಟ್ಟರು ಅಂದಾಗ ನನಗೆ ಹೆಚ್ಚು ಬೇಜಾರಾಯಿತು. ಐರಿಶ್ ಅಡುಗೆಯಲ್ಲಿ ಮಾಂಸವಿಲ್ಲದ ಒಳ್ಳೆಯ ತಿನಿಸು ಬೇಕಾದಷ್ಟಿವೆ. ಕೋಲ್ಕ್ಯಾನನ್ ಇದೆ: ಬೇಯಿಸಿ ಜಜ್ಜಿದ ಆಲೂಗಡ್ಡೆಗೆ ಎಲೆಕೋಸು ಕಲಸಿ, ನಡುವೆ ಗುಂಡಿ ಮಾಡಿ ಬೆಣ್ಣೆ ಇಡುತ್ತಾರೆ. ಹಸಿರು ಈರುಳ್ಳಿ ಹಾಕಿದರೆ ಅದು ಚ್ಯಾಂಪ್. ತುರಿದ ಹಸಿ ಆಲೂ ಮತ್ತು ಬೇಯಿಸಿದ ಆಲೂ ಸೇರಿಸಿ ತವೆಯ ಮೇಲೆ ಮಾಡುವ ಬಾಕ್ಸ್ಟಿ ನಮ್ಮ ದಪ್ಪ ದೋಸೆಯ ತಂಗಿ ಇದ್ದ ಹಾಗೆ. ಮಜ್ಜಿಗೆ ಹಾಕಿದ ಸೋಡಾ ಬ್ರೆಡ್ ಇದೆ. ಇದರಲ್ಲಿ ಒಂದನ್ನೂ ಮಾಡದೆ ಗೋಡೆಗೆ ಹಸಿರು ಬಣ್ಣ ಬಳಿದರೆ ಅದು ಐರಿಶ್ ಪಬ್ ಹೇಗಾಗುತ್ತದೆ? ಅಮ್ಮನಂಥವರು ಹೋದಾಗ ಎರಡು ಪ್ರಶ್ನೆ ತಪ್ಪದೆ ಕೇಳಿ. ಸೂಪಿಗೆ, ಗ್ರೇವಿಗೆ ಹಾಕಿದ್ದು ಕೋಳಿಯನ್ನೋ ಮಾಂಸವನ್ನೋ ಬೇಯಿಸಿದ ನೀರೇ? ಫ್ರೈಸ್ ಕರಿದದ್ದು ಮೀನು ಕರಿದ ಎಣ್ಣೆಯಲ್ಲೇ? ಬಹಳ ಕಡೆ ಎಣ್ಣೆ ಒಂದೇ ಇರುತ್ತದೆ, ಕೇಳದಿದ್ದರೆ ಹೇಳುವುದಿಲ್ಲ.

ಐರ್ಲೆಂಡಿನ ಹೊರಗಿನ ಐರಿಶ್ ಪಬ್‌ಗಳಲ್ಲಿ ಇಂಥ ನಿರಾಸೆ ಹೊಸದಲ್ಲ. 1990ರ ದಶಕದಲ್ಲಿ ಗಿನ್ನೆಸ್ ಕಂಪನಿಯ ಬೆಂಬಲದಿಂದ ಜಗತ್ತಿನ ಎಲ್ಲ ಕಡೆ ಐರಿಶ್ ಪಬ್ ಕಟ್ಟುವ ವ್ಯಾಪಾರವೇ ಶುರುವಾಯಿತು. ಹಳ್ಳಿಮನೆಯ ನಮೂನೆ, ಹಳೇ ಅಂಗಡಿಯ ನಮೂನೆ ಅಂತ ಆರಿಸಿದರೆ ಮರದ ಕೌಂಟರ್, ಕನ್ನಡಿ, ಹಳೇ ಡಬ್ಬಿಗಳು ಎಲ್ಲವೂ ಕಂಟೇನರ್‌ನಲ್ಲಿ ಬಂದಿಳಿಯುತ್ತಿದ್ದವು. ಆಮೇಲೆ ಅದನ್ನು ನೋಡಿ ಉಳಿದವರೂ ಮಾಡಿದರು. ಮರ ಬಂತು, ಬಣ್ಣ ಬಂತು. ಅಡುಗೆ ಕಲಿಸುವವರು ಬರಲಿಲ್ಲ. ಪಬ್ ಅನ್ನುವುದು ಅಲ್ಲಿ ಮೊದಲಿಗೆ ಊಟದ ಜಾಗವೇ ಆಗಿರಲಿಲ್ಲ. ಹಳ್ಳಿಗಳಲ್ಲಿ ಒಂದು ಕಡೆ ಕಿರಾಣಿ, ಇನ್ನೊಂದು ಕಡೆ ಕುಡಿಯುವ ಕೌಂಟರ್ ಇರುತ್ತಿತ್ತು. ಈಗಲೂ ಹಳೇ ಪಬ್‌ಗಳಲ್ಲಿ ನೀವೇ ಕೌಂಟರ್‌ಗೆ ಹೋಗಿ ಕೇಳಿ ತರಬೇಕು. ಆದರೆ ಬಾಗಿಲು ದಾಟಿದ ಕೂಡಲೇ ಕೌಂಟರಿನವನು ತಲೆ ಎತ್ತಿ ನೋಡಿ ಮಾತಾಡಿಸುತ್ತಾನೆ. ಕೈಯಲ್ಲಿ ಕೆಲಸ ಇದ್ದರೆ ‘ಬಂದೆ, ಒಂದು ನಿಮಿಷ’ ಅನ್ನುತ್ತಾನೆ. ನಾನು ಅಲ್ಲಿ ಕಲಿತ ಸರ್ವಿಸ್ ಅಷ್ಟೇ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆ ವೇಟರ್ ಹುಡುಗನ ಮೇಲೆ ಕೋಪ ಇಟ್ಟುಕೊಳ್ಳಬೇಡಿ. ನಮ್ಮ ಕುಷ್ಟಗಿ, ಮಸ್ಕಿ ಕಡೆಯಿಂದ ಹೋಗಿ ಬೆಂಗಳೂರಿನ ಹೋಟೆಲುಗಳಲ್ಲಿ ನಿಂತ ಹುಡುಗರನ್ನು ನಾನು ಬಹಳ ನೋಡಿದ್ದೇನೆ, ಅವರಲ್ಲಿ ಒಬ್ಬನಾಗಿದ್ದೆ ಕೂಡ. ಹತ್ತು ಮೇಜಿಗೆ ಒಬ್ಬನನ್ನು ಬಿಟ್ಟಿರುತ್ತಾರೆ. ಸ್ಟ್ಯೂ ಹೇಗಿರಬೇಕು ಅಂತ ಅವನಿಗೆ ಯಾರೂ ತಿನ್ನಿಸಿ ತೋರಿಸಿರುವುದಿಲ್ಲ. ಮುಂದೆ ಹೀಗಾದರೆ ಮ್ಯಾನೇಜರನ್ನೋ ವೇಟರ್‌ಗಳನ್ನು ನೋಡಿಕೊಳ್ಳುವ ಕ್ಯಾಪ್ಟನ್‌ನನ್ನೋ ಕರೆಯಿರಿ. ಎರಡು ತುತ್ತು ತಿಂದ ಕೂಡಲೇ ಹೇಳಬೇಕು. ತಟ್ಟೆ ಖಾಲಿ ಮಾಡಿ ಹೇಳಿದರೆ ಮಾತಿಗೆ ತೂಕ ಇರುವುದಿಲ್ಲ. ಕನ್ನಡದಲ್ಲೇ ಹೇಳಿ. ‘ಇದು ನಡುವೆ ತಣ್ಣಗಿದೆ. ಇದನ್ನೇ ಬಿಸಿ ಮಾಡಿ ತರೋದು ಬೇಡ. ಬೇರೆ ಕೊಡಿ, ಇಲ್ಲಾಂದ್ರೆ ಬಿಲ್‌ನಿಂದ ತೆಗೀರಿ.’ ಇಷ್ಟೇ ಸಾಕು. ದನಿ ಏರಿಸುವುದು ಬೇಕಿಲ್ಲ. ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಈಗ ದುಡ್ಡಿನ ವಿಚಾರಕ್ಕೆ ಬರೋಣ. 800 ರೂಪಾಯಿ ಸರ್ವಿಸ್ ಚಾರ್ಜ್ ನಿಮ್ಮನ್ನು ಕೇಳದೆ ಹಾಕಿದ್ದಾರೆ. ಹಾಗೆ ಹಾಕುವಂತಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ಬಿಲ್‌ಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು, ಕೊಡಲು ಬಲವಂತ ಮಾಡಬಾರದು, ಅದನ್ನು ಸೇರಿಸಿ ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕಬಾರದು ಅಂತ ಅದರಲ್ಲಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿದು ಅವರ ಅರ್ಜಿಗಳನ್ನು ತಳ್ಳಿಹಾಕಿತು. ಸಂಘಗಳು ಮೇಲ್ಮನವಿ ಹಾಕಿವೆ. ಸರ್ವಿಸ್ ಚಾರ್ಜ್ ತೆರಿಗೆಯಲ್ಲ, ಸರ್ಕಾರಕ್ಕೆ ಹೋಗುವ ದುಡ್ಡೂ ಅಲ್ಲ. ಸೇವೆ ಹಿಡಿಸಿದರೆ ಹುಡುಗನ ಕೈಗೆ ನೀವೇ ಕೊಡಿ, ಅದು ನಿಮ್ಮ ಇಷ್ಟ.

ಮೊದಲು ಪಬ್‌ಗೆ ಒಂದು ಇಮೇಲ್ ಬರೆಯಿರಿ. ಬಿಲ್ಲಿನ ಸಂಖ್ಯೆ, ದಿನಾಂಕ, ದುಡ್ಡು ಕೊಟ್ಟ ಯುಪಿಐ ದಾಖಲೆ ಹಾಕಿ, ಸರ್ವಿಸ್ ಚಾರ್ಜ್ ಮತ್ತು ಅದರ ಮೇಲಿನ ತೆರಿಗೆ ವಾಪಸ್ ಕೊಡಿ ಅಂತ ಕೇಳಿ. ಸ್ಟ್ಯೂ ವಿಚಾರವನ್ನೂ ಎರಡು ಸಾಲಿನಲ್ಲಿ ಸೇರಿಸಿ. ಒಂದು ವಾರ ನೋಡಿ. ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಪಬ್‌ಗೆ ಕಳಿಸಿ ರಾಜಿ ಮಾಡಿಸಲು ನೋಡುತ್ತಾರೆ. ಸರ್ವಿಸ್ ಚಾರ್ಜ್ ಥರದ ಸಣ್ಣ ಮೊತ್ತಕ್ಕೆ ನಾನು ಸೂಚಿಸುವ ದಾರಿ ಇದೇ.

ಇದೂ ಆಗದಿದ್ದರೆ ಗ್ರಾಹಕರ ಆಯೋಗ ಇದೆ. ಪಬ್ ಇರುವುದು ಬೆಂಗಳೂರಿನಲ್ಲಿ, ಅಲ್ಲಿಗೆ ಅಲೆಯೋದು ಯಾರು ಅಂತ ಬಹಳ ಜನ ಇಲ್ಲಿಗೇ ಬಿಟ್ಟುಬಿಡುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡುವವರು ತಾವು ವಾಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ಅಂದರೆ ಬಳ್ಳಾರಿಯ ಜಿಲ್ಲಾ ಆಯೋಗದಲ್ಲೇ. ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ, ಘಟನೆ ಆದ ಎರಡು ವರ್ಷದೊಳಗೆ ಹಾಕಬೇಕು. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಊಟ ತಣ್ಣಗಿತ್ತು ಅನ್ನುವುದಕ್ಕೆ ಆಯೋಗದ ತನಕ ಹೋಗಬೇಡಿ. ಮೂರು ವಾರ ಕಳೆದಿದೆ, ತಟ್ಟೆ ಖಾಲಿಯಾಗಿದೆ, ಫೋಟೊ ಇಲ್ಲ. ಅದನ್ನು ಸಾಬೀತು ಮಾಡುವುದು ಕಷ್ಟ. ಸರ್ವಿಸ್ ಚಾರ್ಜ್ ಹಾಗಲ್ಲ. ಬಿಲ್ಲಿನ ಮೇಲೆ ಅವರೇ ಅಚ್ಚು ಹಾಕಿ ಕೊಟ್ಟಿದ್ದಾರೆ.

ಬಿಲ್‌ನಲ್ಲಿ ಹೋಟೆಲಿನ ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯಾ ನೋಡಿ. 2022ರ ಜನವರಿಯಿಂದ ಅದು ಬಿಲ್ಲಿನ ಮೇಲೆ ಇರಲೇಬೇಕು. ಆ ರಾತ್ರಿ ಯಾರಿಗಾದರೂ ಹೊಟ್ಟೆ ಕೆಟ್ಟಿದ್ದರೆ ಆ ಸಂಖ್ಯೆ ಹಾಕಿ ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಿ. ಅರ್ಧಂಬರ್ಧ ಬಿಸಿ ಮಾಡಿದ ಮಾಂಸವನ್ನು ಇನ್ನೊಬ್ಬರ ಮನೆಯ ಮಕ್ಕಳೂ ತಿನ್ನುತ್ತಾರೆ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಅಪ್ಪನಿಗೆ ಆ ಊಟವನ್ನು ಮನೆಯಲ್ಲೇ ಒಂದು ಭಾನುವಾರ ಮಾಡಿ ಬಡಿಸಿ. ಒಂದು ಕೆಜಿ ಕುರಿ ಮಾಂಸ, ಕತ್ತು ಮತ್ತು ಮುಂಗಾಲಿನದು, ಎಲುಬು ಸಮೇತ ಇರಲಿ. ಒಂದು ಕೆಜಿ ಆಲೂಗಡ್ಡೆ, ಅರ್ಧ ಕೆಜಿ ಈರುಳ್ಳಿ, ಉಪ್ಪು, ಕರಿಮೆಣಸು. ಎರಡು ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಪಾತ್ರೆಯ ತಳಕ್ಕೆ ಹಾಸಿ, ಅದು ಕರಗಿ ಸಾರಿಗೆ ದಪ್ಪ ಕೊಡುತ್ತದೆ. ಅದರ ಮೇಲೆ ಮಾಂಸ, ಈರುಳ್ಳಿ. ಮುಳುಗುವಷ್ಟು ನೀರು. ಒಂದು ಕುದಿ ಬಂದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಮುಚ್ಚಿಡಿ. ಒಂದೂವರೆ ತಾಸಿನ ಮೇಲೆ ಉಳಿದ ಆಲೂಗಡ್ಡೆಯನ್ನು ದೊಡ್ಡ ಹೋಳು ಮಾಡಿ ಹಾಕಿ, ಇನ್ನೂ ಮುಕ್ಕಾಲು ತಾಸು ಬಿಡಿ. ಮಾಂಸ ಎಲುಬಿನಿಂದ ತಾನೇ ಕಳಚಬೇಕು. ಗರಂ ಮಸಾಲೆ ಹಾಕುವ ಆಸೆಯಾಗುತ್ತದೆ, ಮೊದಲ ಸಲ ಹಾಕಬೇಡಿ.

ಅಮ್ಮನಿಗೂ ಸೇರುವಂತೆ ಜೊತೆಗೆ ಸೋಡಾ ರೊಟ್ಟಿ ಮಾಡಿ. ಅದಕ್ಕೆ ಓವನ್ ಬೇಕಿಲ್ಲ. ಐರ್ಲೆಂಡಿನ ಉತ್ತರ ಭಾಗದಲ್ಲಿ ಅದನ್ನು ಹಂಚಿನ ಮೇಲೇ ಬೇಯಿಸುತ್ತಾರೆ, ಫಾರ್ಲ್ ಅನ್ನುತ್ತಾರೆ. ಅರ್ಧ ಕೆಜಿಗೆ ಸ್ವಲ್ಪ ಕಮ್ಮಿ ಮೈದಾ, ಒಂದು ಟೀ ಚಮಚ ಅಡುಗೆ ಸೋಡಾ, ಒಂದು ಟೀ ಚಮಚ ಉಪ್ಪು, ಕಲಸಲು ಹುಳಿ ಮಜ್ಜಿಗೆ. ಮಜ್ಜಿಗೆಯ ಹುಳಿ ಸೋಡಾಕ್ಕೆ ತಾಗಿ ಗುಳ್ಳೆ ಏಳುತ್ತದೆ, ಅದರಿಂದಲೇ ರೊಟ್ಟಿ ಉಬ್ಬುವುದು. ಹಾಗಾಗಿ ಚಪಾತಿ ಹಿಟ್ಟಿನಂತೆ ನಾದಬೇಡಿ, ಕೂಡಿಕೊಂಡರೆ ಸಾಕು. ಬೆರಳು ದಪ್ಪಕ್ಕೆ ದುಂಡಗೆ ತಟ್ಟಿ, ನಾಲ್ಕು ಭಾಗ ಕೊಯ್ದು, ಎಣ್ಣೆ ಹಾಕದೆ ರೊಟ್ಟಿ ಹಂಚಿನ ಮೇಲೆ ಇಡಿ. ಒಂದೊಂದು ಮಗ್ಗುಲಿಗೆ ಎಂಟು ಹತ್ತು ನಿಮಿಷ ಬೇಕಾಗುತ್ತದೆ. ಜೋಳದ ರೊಟ್ಟಿಗೆ ಕಾಯಿಸುವಷ್ಟು ಹಂಚು ಕಾಯಿಸಬೇಡಿ, ಹೊರಗೆ ಸೀದು ಒಳಗೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಇಳಿಸಿದ ಮೇಲೆ ಬಟ್ಟೆಯಲ್ಲಿ ಸುತ್ತಿಡಿ, ಬಡಿಸುವಾಗಲೂ ಬೆಣ್ಣೆ ಕರಗುವಷ್ಟು ಬಿಸಿ ಇರುತ್ತದೆ.